ಹಳೇ ಸಾರ್ ನೋಟ್ಸ್

ಮೇಷ್ಟ್ರ ಕೆಲಸದಲ್ಲಿ ಒಂದೇ ಒಂದು ಸಮಾಧಾನವಿದೆ. ನಾವು ಹೇಳಿದ್ದು ಯಾರ ತಲೆಯಲ್ಲೂ ಉಳಿಯುವುದಿಲ್ಲ. ಈ ಧೈರ್ಯವಿಲ್ಲದಿದ್ದರೆ ನಾನಂತೂ ದಿನಾ ಶಿವಮೊಗ್ಗದ ರವೀಂದ್ರನಗರದ ಮನೆಯಲ್ಲಿ ತಿಂಡಿ ತಿಂದು, ಬಸ್ಸು ಹತ್ತಿ, ಭದ್ರಾವತಿಗೆ ಹೋಗಿ, ಹತ್ತನೇ ಕ್ಲಾಸಿನ ಮಕ್ಕಳಿಗೆ ಜೀವವಿಜ್ಞಾನ ಹೇಳುತ್ತಿರಲಿಲ್ಲ. ನಿನ್ನೆ ಹೇಳಿದ್ದನ್ನು ಇವತ್ತು ಕೇಳಿದರೆ ಇಡೀ ಕ್ಲಾಸು ಫ್ಯಾನು ನೋಡುತ್ತದೆ. ನಾನೂ ನೋಡುತ್ತೇನೆ. ತಪ್ಪು ಹೇಳಿದ್ದರೂ ಅದು ಫ್ಯಾನಿನ ಗಾಳಿಗೆ ಹಾರಿಹೋಗಿರುತ್ತದೆ ಎಂದು ನಂಬಿದ್ದೆ. ಹಾರಿಹೋಗುವುದಿಲ್ಲ, ಜೆರಾಕ್ಸ್ ಆಗುತ್ತದೆ ಎಂಬುದು ಗೊತ್ತಾದದ್ದು ಈ ವರ್ಷ, ಪ್ರಿಪರೇಟರಿ ಪರೀಕ್ಷೆಯ ಪೇಪರು ತಿದ್ದುವಾಗ.

ಪ್ರಶ್ನೆ ಎಲ್ಲರಿಗೂ ಗೊತ್ತಿರುವಂಥದ್ದೇ. ಮನುಷ್ಯನ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಸಾಮಾನ್ಯವಾಗಿ ನಾನು ಈ ಚಿತ್ರವನ್ನು ದೂರದಿಂದ ನೋಡುತ್ತೇನೆ. ಅಂದವಾಗಿದೆಯೇ, ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆಯೇ, ಗೆರೆಗಳು ನೆಟ್ಟಗಿವೆಯೇ, ಅಷ್ಟೆ, ಟಿಕ್. ಆದರೆ ಅದಕ್ಕೆ ಒಂದು ವಾರ ಹಿಂದೆ ಶಿವಮೊಗ್ಗದ ಡಾಕ್ಟರೊಬ್ಬರು ನನ್ನ ಎದೆಗೆ ತಣ್ಣನೆಯ ಜೆಲ್ಲಿ ಸವರಿ, ಪರದೆಯ ಮೇಲೆ ನನ್ನದೇ ಹೃದಯವನ್ನು ತೋರಿಸಿ, "ಎಡಗಡೆ ಗೋಡೆ ದಪ್ಪನೇ ಇರ್ಬೇಕು ಸಾರ್. ಮೈಗೆಲ್ಲ ರಕ್ತ ತಳ್ಳೋದು ಅದೇ ಅಲ್ವಾ? ನಿಮ್ಮದು ಸ್ವಲ್ಪ ಜಾಸ್ತಿ ದಪ್ಪ ಆಗಿದೆ, ಉಪ್ಪು ಕಡಿಮೆ ಮಾಡಿ" ಎಂದಿದ್ದರು. ಇದನ್ನೇ ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ, ಉಪ್ಪಿನ ವಿಷಯ ಬಿಟ್ಟು. ಅವತ್ತಿನಿಂದ ಯಾವ ಹೃದಯ ಕಂಡರೂ ಹತ್ತಿರದಿಂದ ನೋಡುವ ಚಟ ಹತ್ತಿತ್ತು.

ಹಾಗೆ ನೋಡಿದರೆ, ಅರ್ಧ ಕ್ಲಾಸಿನ ಹೃದಯ ತಿರುಗಿತ್ತು. ದಪ್ಪ ಗೋಡೆಯ ಹೃತ್ಕುಕ್ಷಿಗೆ 'ಬಲ' ಎಂದು ಬರೆದಿದ್ದರು. ಮೈಗೆ ರಕ್ತ ಒಯ್ಯುವ ಮಹಾಪಧಮನಿ ಬಲಗಡೆಯಿಂದ ಹೊರಟಿತ್ತು. ಹೃದಯ ಹೀಗೆ ಅದಲುಬದಲಾಗಿ ಹುಟ್ಟುವವರು ಎಲ್ಲೋ ಅಪರೂಪಕ್ಕೆ ಇದ್ದಾರಂತೆ. ಅವರೆಲ್ಲ ಭದ್ರಾವತಿಯ ಒಂದೇ ಶಾಲೆಯಲ್ಲಿ, ಒಂದೇ ಕ್ಲಾಸಿನಲ್ಲಿ ಸೇರಿಕೊಂಡಿರುವುದು ನನಗೆ ಗಾಬರಿ ಹುಟ್ಟಿಸಿತು. ಕಾಪಿ ಎನ್ನೋಣವೆಂದರೆ ಬೇರೆ ಬೇರೆ ಕೋಣೆಯಲ್ಲಿ ಕೂತವರು. ಅದಕ್ಕಿಂತ ಹೆಚ್ಚಾಗಿ, ಕ್ಲಾಸಿಗೇ ಮೊದಲು ಬರುವ ಸಹನಾಳದ್ದೂ ಹಾಗೇ ಇತ್ತು. ಅವಳು ಯಾರ ಪೇಪರನ್ನೂ ನೋಡುವವಳಲ್ಲ. ಅವಳದ್ದನ್ನೇ ಎಲ್ಲರೂ ನೋಡುವುದು. ನಾಲ್ಕಕ್ಕೆ ಸೊನ್ನೆ ಹಾಕಿದೆ.

ಮಾರನೆಯ ದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಹೆಸರಿಗೆ ಮಾತ್ರ ಸಹನಾ.

"ಸಾರ್, ಹಾರ್ಟ್ ಡಯಾಗ್ರಾಮಿಗೆ ಯಾಕೆ ಸೊನ್ನೆ?"

"ಎಡ ಬಲ ತಿರುಗಿಸಿದೀಯಲ್ಲಮ್ಮ."

"ನೋಟ್ಸಲ್ಲಿ ಹಿಂಗೇ ಇದೆ ಸಾರ್."

"ಪುಸ್ತಕ ನೋಡು." ಪುಸ್ತಕ ತೆಗೆದು ತೋರಿಸಿದೆ.

ಅವಳು ನೋಡಿದಳು. ನನ್ನ ಮೇಲೆ ಕರುಣೆ ಬಂದಂತೆ ನಕ್ಕಳು. "ಪುಸ್ತಕದಲ್ಲಿ ಪ್ರಿಂಟ್ ಮಿಸ್ಟೇಕ್ ಸಾರ್. ಹಳೇ ಸಾರ್ ನೋಟ್ಸಲ್ಲಿ ಅದನ್ನ ಸರಿ ಮಾಡಿದಾರೆ. ನಮ್ಮಮ್ಮನೂ ಇದೇ ನೋಟ್ಸ್ ಓದಿದ್ದು. ಇದೇ ಚಿತ್ರಕ್ಕೆ ಅಮ್ಮಂಗೆ ಫುಲ್ ಮಾರ್ಕ್ಸ್ ಬಂದಿತ್ತು."

"ಯಾರಮ್ಮ ಆ ಹಳೇ ಸಾರ್?"

"ಗೊತ್ತಿಲ್ಲ ಸಾರ್. ತೀರ್ಕೊಂಡ್ರಂತೆ, ಪಾಪ."

ಬ್ಯಾಗಿನಿಂದ ನೋಟ್ಸ್ ತೆಗೆದಳು. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು. ಅಕ್ಷರಗಳ ಹೊಟ್ಟೆಯೆಲ್ಲ ಕಪ್ಪಗೆ ತುಂಬಿಕೊಂಡಿತ್ತು. ಮೊದಲ ಪುಟದಲ್ಲಿ ಡಬಲ್ ಗೆರೆ ಎಳೆದು ಬರೆದಿತ್ತು: 'ಪಠ್ಯಪುಸ್ತಕದ ದೋಷಗಳನ್ನು ಇಲ್ಲಿ ಸರಿಪಡಿಸಲಾಗಿದೆ.' ಎಂಥ ಅಹಂಕಾರಿ ಎಂದುಕೊಂಡೆ. ಎರಡನೆಯ ಪುಟ ತಿರುಗಿಸಿ, ಮತ್ತೆ ಮೊದಲ ಪುಟಕ್ಕೆ ಬಂದೆ. ಆ ಅಹಂಕಾರವನ್ನು ನಾನು ಬಲ್ಲೆ. ಅಕ್ಷರಗಳೂ ನನ್ನವೇ. ಸತ್ತವನು ನಾನು.

ಇಲ್ಲಿ ನಾನು ಹಿಂದಕ್ಕೆ ಹೋಗಿ ಆ ನೋಟ್ಸ್ ಬರೆದ ದಿನವನ್ನು ವರ್ಣಿಸಬೇಕು. ವರ್ಣಿಸಿದೆ ಕೂಡ, ಹೆಂಡತಿಯ ಮುಂದೆ. ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಭದ್ರಾವತಿಯಲ್ಲೇ ಬೇರೊಂದು ಶಾಲೆ. ಸ್ಟಾಫ್ ರೂಮಿನ ಕಿಟಕಿಯ ಗಾಜಿಗೆ ಪುಸ್ತಕದ ಹಾಳೆ ಒತ್ತಿಹಿಡಿದು, ಬೆಳಕಿನಲ್ಲಿ ಹೃದಯದ ಗೆರೆಗಳನ್ನು ನಕಲು ಮಾಡಿಕೊಂಡೆ, ಆಗ ಹಾಳೆ ಹಿಂದುಮುಂದಾಗಿರಬೇಕು ಎಂದೆ. ಹೆಂಡತಿ ಕೊತ್ತಂಬರಿ ಬಿಡಿಸುತ್ತಾ, "ಆ ಸ್ಟಾಫ್ ರೂಮಿಗೆ ಕಿಟಕೀನೇ ಇಲ್ಲ, ಸೆಕೆ ಸೆಕೆ ಅಂತ ದಿನಾ ಬಂದು ಗೋಳಾಡ್ತಿದ್ರಿ. ನೀವು ಬರೆದಿದ್ದು ನಮ್ಮ ಊಟದ ಮೇಜಿನ ಮೇಲೆ. ಕಾರ್ಬನ್ ಪೇಪರ್ ಮಸಿ ಮೇಲೆ ಮಾಡಿ ಇಟ್ಟುಬಿಟ್ಟಿದ್ರಿ, ಚಿತ್ರ ಹಾಳೆ ಹಿಂದ್ಗಡೆ ಬಂದಿತ್ತು. ಇದೂ ಚೆನ್ನಾಗೇ ಬಂದಿದೆ ಅಂತ ಅದನ್ನೇ ಇಟ್ಕೊಂಡ್ರಿ. ಮೇಜಿನ ಬಟ್ಟೆಗೆ ಮಸಿ ಆಗಿತ್ತಲ್ಲ!" ಎಂದಳು. ಇರಬಹುದು. ಆದರೆ ಆಗ ನಮಗೆ ಊಟದ ಮೇಜೇ ಇರಲಿಲ್ಲ ಎಂದು ನನ್ನ ನೆನಪು. ಕಿಟಕಿಯಿಲ್ಲದ ಕೋಣೆಗೂ ಮೇಜಿಲ್ಲದ ಮನೆಗೂ ನಡುವೆ ಎಲ್ಲೋ ಆ ಹೃದಯ ತಿರುಗಿತು. ತಿರುಗಿದ ಚಿತ್ರಕ್ಕೆ ಹೆಸರುಗಳನ್ನು ಮಾತ್ರ ಬಾಯಿಪಾಠದಿಂದ, ಪುಸ್ತಕದ ಜಾಗದಲ್ಲೇ ಬರೆದಿದ್ದೇನೆ. ಆಮೇಲೆ ವರ್ಗವಾಗಿ ಸೊರಬ, ಹೊಸನಗರ ಎಂದು ಸುತ್ತಿ, ಮೂರು ವರ್ಷದ ಹಿಂದೆ ಭದ್ರಾವತಿಗೆ ಮರಳಿದೆ. ನೋಟ್ಸ್ ಮಾತ್ರ ಎಲ್ಲೂ ಹೋಗದೆ ಊರಲ್ಲೇ ಸಂಸಾರ ಬೆಳೆಸಿಕೊಂಡಿತ್ತು. ಈ ಮೂರು ವರ್ಷದಲ್ಲಿ ನಾನೇ ಎಷ್ಟು ತಿರುಗಿದ ಹೃದಯಗಳಿಗೆ ದೂರದಿಂದ ಟಿಕ್ ಹಾಕಿದ್ದೇನೋ, ಯೋಚಿಸಲು ಧೈರ್ಯವಿಲ್ಲ.

ಬೋರ್ಡ್ ಪರೀಕ್ಷೆಗೆ ಮೂರು ವಾರವಿತ್ತು. ಸಹನಾ ಡಾಕ್ಟರಾಗಬೇಕೆಂದು ಹೊರಟವಳು. ಒಂದೊಂದು ಮಾರ್ಕಿಗೂ ಜೀವ ಬಿಡುವವಳು. ಹೀಗೇ ಬರೆದರೆ ಅವಳ ನಾಲ್ಕು ಮಾರ್ಕ್ಸ್ ನನ್ನ ಕೈಯಿಂದಲೇ ಹೋದ ಹಾಗೆ. ಕ್ಲಾಸಿನಲ್ಲಿ ಬೋರ್ಡಿನ ತುಂಬ ಹೃದಯ ಬರೆದೆ. ಎಲ್ಲರೂ ಬರೆದುಕೊಂಡರು. ಸಹನಾ ಬರೆದುಕೊಳ್ಳಲಿಲ್ಲ. ಕೊನೆಗೆ ಅವಳನ್ನು ಕರೆದು, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಆ ಹಳೇ ಸಾರ್ ನಾನೇ ಕಣಮ್ಮ" ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಸುಮ್ನಿರಿ ಸಾರ್" ಎಂದಳು. ಬೇಜಾರಾಗಿ ಹೇಳಲಿಲ್ಲ, ಸಮಾಧಾನ ಮಾಡುವಂತೆ ಹೇಳಿದಳು.

ಆಗ ನಾನು ಆ ನೋಟ್ಸನ್ನು ಪ್ರತಿ ಮಾಡಿಸಲು ಕೊಟ್ಟಿದ್ದ, ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಮೂಲ ಪ್ರತಿ ಅಲ್ಲಿತ್ತು, ಪ್ಲಾಸ್ಟಿಕ್ ಕವರಿನೊಳಗೆ, ದೇವರ ಫೋಟೋದ ಕೆಳಗಿನ ಡ್ರಾಯರಿನಲ್ಲಿ. ನನಗೆ ಗೊತ್ತಿದ್ದ ಯಜಮಾನರು ಈಗಿಲ್ಲ. ಮಗ ಸೆಲ್ವಂ ನೋಡಿಕೊಳ್ಳುತ್ತಾನೆ. ಹೃದಯದ ಪುಟ ತಿದ್ದಬೇಕು ಎಂದೆ.

"ಐಯೋ, ಹೋದವರು ಬರೆದಿದ್ದಕ್ಕೆ ನಾವು ಕೈ ಹಚ್ಚೋದು ತಪ್ಪಾಗುತ್ತೆ ಸಾರ್" ಎಂದ.

"ಬರೆದೋನು ನಾನೇ ಮಾರಾಯ! ಇಲ್ಲೇ ನಿಂತಿದೀನಿ!"

"ನಮ್ಮಪ್ಪ ಹೇಳ್ತಿದ್ರು, ಅವರು ಒಳ್ಳೇ ಎತ್ತರ, ಸಣ್ಣಗೆ, ತಲೆ ತುಂಬ ಕೂದ್ಲು, ಭಾರೀ ಬುದ್ಧಿವಂತ್ರು ಅಂತ." ನನ್ನ ಬೋಳುತಲೆ ನೋಡಿದ. "ಬೇಕಾದ್ರೆ ಎರಡು ಲೈನ್ ಬರೀರಿ ಸಾರ್, ಅಕ್ಷರ ನೋಡೋಣ."

ಬರೆದೆ. ಇಷ್ಟು ವರ್ಷ ಪೇಪರು ತಿದ್ದಿ ಟಿಕ್ ಹಾಕುವುದಕ್ಕೆ ಮಾತ್ರ ಪಳಗಿದ ಕೈ. ಅಕ್ಷರ ಇರುವೆ ಸಾಲು ಚೆದುರಿದ ಹಾಗೆ ಬಂತು. ಸೆಲ್ವಂ ಎರಡನ್ನೂ ಅಕ್ಕಪಕ್ಕ ಇಟ್ಟ. ಸ್ಟಾಂಪ್ ಪ್ಯಾಡ್ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಕೂಡ ಬಗ್ಗಿ ನೋಡಿ ಇಲ್ಲವೆಂದು ತಲೆಯಾಡಿಸಿದಳು. ಅಂಗಡಿಯ ಗಾಜಿನಲ್ಲಿ ನನ್ನ ಮುಖ ಕಂಡಿತು. ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿ ನನಗೂ ಅನುಮಾನ ಬಂತು. ಆ ನೋಟ್ಸ್ ಬರೆದವನು ಎಂದಾದರೂ ನಾನಾಗಿದ್ದೆನೆಂದು ಹೇಳುವುದಕ್ಕೆ ನನ್ನ ಹತ್ತಿರ ಏನಿದೆ? ಮಸಿಯಾದ ಮೇಜಿನ ಬಟ್ಟೆಯೂ ಇಲ್ಲ.

ಬದುಕಿರುವವನ ಮಾತು ನಡೆಯುವುದಿಲ್ಲ ಎಂದಮೇಲೆ ಸತ್ತವನ ಕೈಯಲ್ಲೇ ಹೇಳಿಸಬೇಕಲ್ಲ. ಒಂದು ಸೆಟ್ ಜೆರಾಕ್ಸ್ ಮಾಡಿಸಿಕೊಂಡು ಮನೆಗೆ ತಂದೆ. ಶನಿವಾರ ಭಾನುವಾರ ಎರಡೂ ದಿನ ಕೂತು ನನ್ನ ಅಕ್ಷರವನ್ನು ನಾನೇ ಕಲಿತೆ, ಕಾಪಿ ಬರೆಯುವ ಒಂದನೇ ಕ್ಲಾಸಿನವನ ಹಾಗೆ. ಆ ಸತ್ತವನು ಕೊಂಬನ್ನು ಗುಂಡಗೆ ತಿರುಗಿಸುತ್ತಿದ್ದ. ಒತ್ತಕ್ಷರವನ್ನು ಬಿಡಿಸಿ ಬಿಡಿಸಿ ಬರೆಯುತ್ತಿದ್ದ. ಎಂಥ ತಾಳ್ಮೆ! ಹೆಂಡತಿ ಹಿಂದಿನಿಂದ ಇಣುಕಿ, "ಯಾರ ಸಹಿ ಮಾಡ್ತಿದ್ದೀರಿ?" ಎಂದು ಗಾಬರಿಯಾದಳು. "ನಂದೇ" ಎಂದೆ. ಅವಳು ಇನ್ನಷ್ಟು ಗಾಬರಿಯಾದಳು. ಕೊನೆಗೆ ಒಂದು ಹಾಳೆ ಸಿದ್ಧವಾಯಿತು. ಸರಿಯಾದ ಹೃದಯ, ಅದರ ಕೆಳಗೆ: 'ತಿದ್ದುಪಡಿ. ಹಿಂದಿನ ಚಿತ್ರದಲ್ಲಿ ಎಡಬಲಗಳು ಅದಲುಬದಲಾಗಿವೆ. ಪುಸ್ತಕವೇ ಸರಿ. ತಪ್ಪು ನನ್ನದು. ವಿದ್ಯಾರ್ಥಿಗಳು ಕ್ಷಮಿಸಬೇಕು.' ಕಾಗದಕ್ಕೆ ವಯಸ್ಸಾಗಲೆಂದು ಚಹಾ ಸವರಿ ಒಣಗಿಸಿ, ಹಳೆಯ ಶಾಲೆಯ ಬೀರುವಿನಲ್ಲಿ ಸಿಕ್ಕಿತು ಎಂದು ಸೆಲ್ವಂಗೆ ಕೊಟ್ಟೆ. ಅವನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಸಂಜೆಯೊಳಗೆ ಊರೆಲ್ಲ ಹರಡಿತು.

ಬೋರ್ಡ್ ಪರೀಕ್ಷೆಯಲ್ಲಿ ಹೃದಯವೇ ಬಂತು. ಮುಗಿಸಿ ಬಂದ ಸಹನಾ ನೇರ ಸ್ಟಾಫ್ ರೂಮಿಗೆ ಬಂದಳು. ನನ್ನ ಎದುರಿನ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಇದ್ದಳು. ಪ್ರಶ್ನೆಪತ್ರಿಕೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದು ತೋರಿಸಿದಳು. ದಪ್ಪ ಗೋಡೆಗೆ 'ಎಡ' ಎಂಬ ಹೆಸರು, ಮಹಾಪಧಮನಿ ಎಡದಿಂದ. ಎಲ್ಲ ಸರಿಯಿತ್ತು. ನನಗೆ ಎಷ್ಟೋ ದಿನದ ಮೇಲೆ ಉಸಿರು ಸರಾಗವಾಯಿತು.

"ನೋಡಿದ್ಯಾ, ನಾನು ಹೇಳಿದ್ದೇ ಸರಿ ಇತ್ತಲ್ಲ" ಎಂದೆ.

"ಹೌದು ಸಾರ್, ನೀವು ಹೇಳಿದ್ದು ಸರಿ ಇತ್ತು" ಎಂದಳು. ಆಮೇಲೆ ದನಿ ಇಳಿಸಿದಳು. "ಆದ್ರೆ ಹಳೇ ಸಾರ್ ದೊಡ್ಡೋರು ಸಾರ್. ತಪ್ಪು ನನ್ನದು ಅಂತ ಬರ್ದಿಟ್ಟಿದ್ರು ನೋಡಿ. ಯಾವ ಸಾರ್ ಬರೀತಾರೆ ಹೇಳಿ ಹಂಗೆ? ಬದುಕಿದ್ದಿದ್ರೆ ಹುಡ್ಕೊಂಡು ಹೋಗಿ ಕಾಲಿಗೆ ಬೀಳ್ತಿದ್ದೆ."

ಚಪ್ಪಲಿ ಬಿಟ್ಟು ಮೇಜಿನಡಿಯಿಂದ ಆಚೆಗೆ ಆರಾಮಾಗಿ ಚಾಚಿಕೊಂಡಿದ್ದ ನನ್ನ ಎರಡು ಕಾಲುಗಳನ್ನು ಮೆಲ್ಲಗೆ ಕುರ್ಚಿಯ ಕೆಳಕ್ಕೆ ಎಳೆದುಕೊಂಡೆ.