ಜೂನ್ ಒಂದರಂದು ಹುಟ್ಟಿದವರು

ಹೊರದೇಶಕ್ಕ ದುಡೀಲಿಕ್ಕೆ ಹೋಗೋ ಮಂದಿಯ ಕಾಗದಪತ್ರ ಮಾಡಿಕೊಡೋ ಸಣ್ಣ ಆಫೀಸು ನಮ್ಮದು, ಮುಂಬೈಯ ಫೋರ್ಟಿನೊಳಗ. ಹದಿನೆಂಟು ವರ್ಷ ಆತು ನಾ ಅಲ್ಲೇ ಕೂತು ಫಾರ್ಮ್ ತುಂಬ್ಲಿಕ್ಕೆ ಹತ್ತಿ. ಒಂದು ಕೆಲಸ ಸುಸೂತ್ರ ಮುಗೀತು ಅನ್ನೋದ್ರೊಳಗ ಇನ್ನೊಂದು ತಲಿ ಮ್ಯಾಲ ಬಂದು ಕೂಡ್ತದ. ಈ ವರ್ಷ ನನ್ನ ತಲಿ ತಿಂದವ ಒಬ್ಬ ವೆಲ್ಡರ್.

೧. ಎರಡ ತಿಂಗಳ ಮಾತು

ವಿಜಯಪುರದ ಕಡೆಯವ, ಕಾಂದಿವಲಿಯ ಕಾರ್ಖಾನೆಯೊಳಗ ಕೆಲಸ. ಅವಂದು, ಅವನ ಊರಿನ ಇನ್ನಿಬ್ಬರು ವೆಲ್ಡರ್‌ಗಳದು, ಹಿಂಗ ಮೂರು ಅರ್ಜಿ ಕಳಿಸಿದ್ವಿ. ಇಬ್ಬರಿಗೆ ವೀಸಾ ಬಂತು. ಇವಂಗ ಬಂದದ್ದು ನಿರಾಕರಣೆಯ ಕಾಗದ. ಪುಣ್ಯಾತ್ಮ ಅಷ್ಟರೊಳಗ ಕೆಲಸಕ್ಕ ರಾಜೀನಾಮೆ ಕೊಟ್ಟು, ಹಾರ ಹಾಕಿಸ್ಕೊಂಡು, ಪೇಡೆ ಹಂಚಿ ಮುಗಿಸಿದ್ದ. ಮನಿಯೊಳಗ ಹೆಂಡ್ತಿ, ಎರಡು ಮಕ್ಕಳು. ತಿಂಗಳೊಳಗ ಕಾಗದ ಸರಿಯಾಗದಿದ್ರ ಬ್ಯಾರೆಯವರನ್ನ ತಗೋತೀವಿ ಅಂತ ಅಲ್ಲಿಯ ಕಂಪನಿ ತಿಳಿಸ್ತು.

"ಫೋಟೋದಾಗ ನಾ ನಕ್ಕಿದ್ದು ತಪ್ಪಾತೇನ್ರಿ ಸಾಹೇಬ್ರ?" ಅಂತ ಕೇಳಿದ.

"ನಕ್ಕಿದ್ದಲ್ಲಪಾ. ಪಾಸ್‌ಪೋರ್ಟ್‌ನೊಳಗ ನೀ ಹುಟ್ಟಿದ್ದು ಜೂನ್ ಒಂದಕ್ಕ. ವರ್ಕ್ ಪರ್ಮಿಟ್‌ನೊಳಗ ಆಗಸ್ಟ್ ಅಂತ ಬಂದದ."

ಅವಂಗ ಜೀವ ಬಂದಂಗಾತು. "ಅಷ್ಟೇ ಏನ್ರಿ? ಎರಡ ತಿಂಗಳ ಮಾತು. ಸಂಭಾಳಿಸ್ಕೋರಿ ಅಂತ ಹೇಳ್ರಿ ಅವರಿಗೆ."

೨. ಡಬಲ್ ಚೆಕ್

ಆಗಸ್ಟ್ ಎಲ್ಲಿಂದ ಬಂತು ಅಂತ ಹುಡುಕಿದ್ರ, ಅದು ಬಂದದ್ದು ನಮ್ಮ ಆಫೀಸಿನಿಂದನ. ಹೊಸದಾಗಿ ಸೇರಿದ ಹುಡುಗಿ, ಮುಂಬೈಯೊಳಗ ಹುಟ್ಟಿ ಬೆಳೆದಾಕಿ. ಮೂರೂ ಅರ್ಜಿಯೊಳಗ ಜೂನ್ ಒಂದು ಕಂಡು, ಸರ್ ಕಾಪಿ ಹೊಡೆದು ತಪ್ಪು ಮಾಡ್ಯಾರ ಅಂತ ತಿಳಕೊಂಡ್ಳು. ನಾ ಊಟಕ್ಕ ಹೋಗಿದ್ದೆ. ಮೂವರಿಗೂ ಫೋನ್ ಹಚ್ಚಿದ್ಳು. ಎತ್ತಿದವ ಇವನೊಬ್ಬನ.

ನಿಮ್ಮ ಬರ್ತ್‌ಡೇ ಯಾವಾಗ ಅಂತ ಕೇಳಿದ್ದಕ್ಕ ಈ ಸತ್ಯವಂತ, "ಅವ್ವ ಹೇಳ್ತಾಳ್ರಿ, ನಾಗರಪಂಚಮಿ ಮರುದಿನ" ಅಂದ. ಆ ವರ್ಷದ ಪಂಚಮಿ ಯಾವತ್ತು ಬಂದಿತ್ತು ಅಂತ ಮೊಬೈಲಿನೊಳಗ ಹುಡುಕಿ, ಒಂದು ದಿನ ಕೂಡಿಸಿ ಪರ್ಮಿಟ್ ಅರ್ಜಿಯೊಳಗ ಬರೆದುಬಿಟ್ಟಾಳ. ಓದದೆ ಸಹಿ ಹಾಕಿದವ ನಾನು. ಸಿಟ್ಟು ಯಾರ ಮ್ಯಾಲ ತೀರಿಸ್ಕೋಬೇಕು?

"ಇಷ್ಟು ಶಾಣ್ಯಾತನ ಮಾಡು ಅಂತ ಯಾರು ಹೇಳಿದ್ರವಾ ನಿನಗ?" ಅಂದೆ.

"ಸರ್, ನಾನು ಡಬಲ್ ಚೆಕ್ ಭೀ ಮಾಡಿದೆ. ತಿಥಿ ಏಕ್‌ದಮ್ ಕರೆಕ್ಟ್ ಇದೆ."

೩. ಸಾಕ್ಷಿ

ಜೂನ್ ಒಂದೇ ಸರಿ ಅಂತ ಅಫಿಡವಿಟ್ ಕಳಿಸಿ, ಇಬ್ಬರು ಸಾಕ್ಷಿ ಬೇಕು ಅಂತ ಕಂಪನಿ ಕೇಳ್ತು. ಅವರಿಗೇನು ಗೊತ್ತು ನಮ್ಮ ಕಡೆ ಪದ್ಧತಿ. ಸಾಲಿ ಶುರುವಾಗೋದು ಜೂನ್ ಒಂದಕ್ಕ. ಹೆಸರು ಹಚ್ಚಲಿಕ್ಕೆ ಬಂದ ಹುಡುಗನ ಹುಟ್ಟಿದ ದಿನ ಅವ್ವ-ಅಪ್ಪಗ ನೆನಪಿಲ್ಲಂದ್ರ ಮಾಸ್ತರು ಅದೇ ತಾರೀಖು ಬರೀತಿದ್ರು.

ಸಾಕ್ಷಿಗೆ ಉಳಿದಿಬ್ಬರು ವೆಲ್ಡರ್‌ಗಳನ್ನ ಹಿಡಕೊಂಡು ಬಂದೆ. ಅವರ ಆಧಾರ್ ಕಾರ್ಡ್ ಹಚ್ಚಿ ಕಳಿಸಿದೆ. ಎರಡು ದಿನಕ್ಕ ಉತ್ತರ ಬಂತು: ಅರ್ಜಿದಾರ, ಇಬ್ಬರು ಸಾಕ್ಷಿ, ಎಲ್ಲರೂ ಒಂದೇ ತಾರೀಖಿಗೆ ಹುಟ್ಟ್ಯಾರ, ಇದೇನು ಚೇಷ್ಟೆ? ಬ್ಯಾರೆ ಸಾಕ್ಷಿ ಕಳಿಸಿ.

ಭಾನುವಾರ ಪೂರಾ ಕಾಂದಿವಲಿಯೊಳಗ ನಮ್ಮ ಮಂದಿಯ ಮನಿ ಮನಿ ತಿರುಗಿದೆ. ಕಾಂಟ್ರಾಕ್ಟರು ಜೂನ್ ಒಂದು. ಗಿರಣಿಯವ ಜೂನ್ ಒಂದು. ಗಿರಣಿಯವನ ಹೆಂಡ್ತಿನೂ ಜೂನ್ ಒಂದು. ಸಾಕಾಗಿಹೋತು. "ಯಾರೂ ಬ್ಯಾಡ, ನಾನ ಸಹಿ ಹಾಕ್ತೀನಿ" ಅಂತ ಪಾಕೀಟಿನಿಂದ ನನ್ನ ಆಧಾರ್ ತೆಗೆದೆ. ನೋಡಿದೆ. ಸುಮ್ಮನ ಒಳಗ ಇಟ್ಟೆ.

೪. ಏಕ್ ಜೂನ್

ಕಡೀಕೆ ಮುಂಬೈ ದವಾಖಾನಿಯೊಳಗ ಹುಟ್ಟಿದ ಇಬ್ಬರು ಸಿಕ್ಕರು, ಅಫಿಡವಿಟ್ ಹೋತು. ಹೊರದೇಶದ ಆ ಕಂಪನಿಯ ಮ್ಯಾನೇಜರ್ ಹಿಂದಿ ಬಲ್ಲವ, ತಾನ ಫೋನ್ ಮಾಡಿ ಖಾತ್ರಿ ಮಾಡ್ಕೋತೀನಿ ಅಂದ. ನಾಕು ದಿನ ವೆಲ್ಡರ್‌ನ್ನ ಎದುರಿಗೆ ಕೂಡಿಸ್ಕೊಂಡು ಗಿಳಿಪಾಠ ಹೇಳಿದೆ. "ಪಂಚಮಿ ಸುದ್ದಿ ಎತ್ತಬ್ಯಾಡ. ಅವ್ವನ ಸುದ್ದಿ ಎತ್ತಬ್ಯಾಡ. ಅವರು ಏನ ಕೇಳಲಿ, ಏಕ್ ಜೂನ್ ಅನ್ನು."

ಮಾರ್ಚ್ ಕೊನೆ ವಾರ ಫೋನ್ ಬಂತು. ಸ್ಪೀಕರ್ ಹಾಕಿ ಅವನ ಎದುರಿಗೆ ಕೂತೆ.

ಹುಟ್ಟಿದ ತಾರೀಖು ಯಾವುದು?

"ಏಕ್ ಜೂನ್."

ಪಕ್ಕಾ?

"ಏಕ್ ಜೂನ್."

ಸರಿ, ಪರ್ಮಿಟ್ ತಿದ್ದಿ ಕಳಿಸ್ತೀನಿ. ಕೆಲಸಕ್ಕ ಯಾವತ್ತಿನಿಂದ ಬರ್ತಿ?

"ಏಕ್ ಜೂನ್."

ನಾ ಎರಡೂ ಕೈ ಬೀಸಿದೆ. ಜೋರಾಗಿ ಹೇಳು ಅಂದಂಗಾತೋ ಏನೋ ಅವಂಗ, ಇನ್ನೊಮ್ಮೆ ಜೋರಾಗಿ ಹೇಳಿದ. ಠೀಕ್ ಹೈ ಅಂತ ಆ ಮನುಷ್ಯ ಫೋನ್ ಇಟ್ಟ.

ಹೊಸ ಪರ್ಮಿಟ್ ಬಂತು. ಒಂದು ತಪ್ಪಿಲ್ಲ. ಹುಟ್ಟಿದ್ದು ಜೂನ್ ಒಂದು, ಕೆಲಸಕ್ಕ ಹಾಜರಾಗೋದೂ ಜೂನ್ ಒಂದು. ಉಳಿದಿಬ್ಬರು ಏಪ್ರಿಲ್‌ನೊಳಗ ವಿಮಾನ ಹತ್ತಿದ್ರು. ಇವ ಇಲ್ಲಿ ಕೆಲಸಿಲ್ಲ, ಅಲ್ಲಿ ಕೆಲಸಿಲ್ಲ, ದಿನಾ ಲೋಕಲ್ ಹಿಡಿದು ಬಂದು ನನ್ನ ಟೇಬಲ್ ಮುಂದ ಕೂಡ್ತಾನ. ನಿನ್ನೆ ತಡಿಲಾರದ ಕೇಳಿದೆ, "ಅಲ್ಲೋ ಮಾರಾಯಾ, ನಾಳೆನ ಬರ್ತೀನಿ ಅನ್ನಲಿಕ್ಕೆ ಏನಾಗಿತ್ತು?"

"ಬಾಯಿತನಕ ಬಂದಿತ್ರಿ ಸಾಹೇಬ್ರ. ಆದ್ರ ನೀವು ಎದುರಿಗೇ ಕುಂತಿದ್ರಿ. ನಾಕು ದಿನ ಹೇಳಿಕೊಟ್ಟದ್ದು ಬಿಟ್ಟು ಬ್ಯಾರೆ ಹೇಳಿದ್ರ ನಿಮಗ ಅವಮಾನ ಆಗೂದಿಲ್ಲೇನ್ರಿ?"