ಚೆಂಡು ನಮ್ಮ ಕೈಲಿರುವಷ್ಟು ಹೊತ್ತು

ಏನೂ ಆಗದಂತೆ ನೋಡಿಕೊಳ್ಳುವುದೇ ಹೊಟ್ಟೆಪಾಡಾಗಿರುವ ಮನುಷ್ಯ ಕ್ರಮೇಣ ಹೇಡಿಯಾಗುತ್ತಾನೆ ಎಂಬುದು ನನ್ನ ಹೆಂಡತಿ ವಸುಧಾಳ ಸಿದ್ಧಾಂತ. ನಾನು ಅರಿವಳಿಕೆ ವೈದ್ಯ, ಐರ್ಲೆಂಡಿನ ಡ್ರೋಹೆಡಾದ ಆಸ್ಪತ್ರೆಯಲ್ಲಿ ಕೆಲಸ. ಹೊಟ್ಟೆ ಕೊಯ್ದು, ಗಡ್ಡೆ ತೆಗೆದು, ಮನೆಯವರಿಂದ ಬಿಸ್ಕತ್ತಿನ ಡಬ್ಬಿ ಈಸಿಕೊಳ್ಳುವ ಮಹಾನುಭಾವರು ಬೇರೆ. ನಾನು ರೋಗಿಯ ತಲೆಯ ಹತ್ತಿರ ಕೂತು ಉಸಿರು, ನಾಡಿ, ರಕ್ತದೊತ್ತಡ ನೋಡಿಕೊಳ್ಳುತ್ತೇನೆ. ಎಲ್ಲ ಸರಿಹೋದರೆ ರೋಗಿಗೆ ನನ್ನ ಮುಖ ನೆನಪಿರುವುದಿಲ್ಲ. ಎದ್ದ ಮೇಲೂ ನನ್ನನ್ನು ಚೆನ್ನಾಗಿ ನೆನಪಿಟ್ಟುಕೊಂಡವರಿದ್ದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಈ ಸ್ವಭಾವ ಗೌನಿನ ಜೊತೆಗೆ ಆಸ್ಪತ್ರೆಯಲ್ಲೇ ಕಳಚಿಕೊಳ್ಳುವಂಥದ್ದಲ್ಲ, ಮನೆಗೂ ಬರುತ್ತದೆ. ಹೋಟೆಲಿನಲ್ಲಿ ಕೇಳಿದ್ದೊಂದು, ಬಂದದ್ದು ಇನ್ನೊಂದಾದರೆ ನಾನು ಬಂದದ್ದನ್ನೇ ಇಷ್ಟಪಟ್ಟು ತಿನ್ನುತ್ತೇನೆ. ಕ್ಷೌರದವನು ಅರ್ಧ ತಲೆ ಹೆಚ್ಚಾಗಿ ಕತ್ತರಿಸಿದರೂ ಕನ್ನಡಿ ನೋಡಿ "ಲವ್ಲಿ" ಎನ್ನುತ್ತೇನೆ. "ಬಸ್ಸಲ್ಲಿ ಯಾರಾದ್ರೂ ನಿಮ್ಮ ಕಾಲು ತುಳಿದ್ರೆ ನೀವೇ ಸಾರಿ ಕೇಳ್ತೀರಲ್ರೀ" ಎಂದು ವಸುಧಾ ಗೊಣಗುತ್ತಾಳೆ. ಅದು ಐರ್ಲೆಂಡಿನವರೂ ಮಾಡುವ ಕೆಲಸ, ಈ ದೇಶಕ್ಕೆ ನಾನು ಹೇಳಿ ಮಾಡಿಸಿದವನು ಎಂದು ನನ್ನ ವಾದ. ಆದರೆ ತುಳಿದವರೂ ತುಳಿಸಿಕೊಂಡವರೂ ಒಟ್ಟಿಗೇ ಸಾರಿ ಕೇಳುವ ಈ ನಾಡಿನಲ್ಲೂ ಒಂದು ದಿನ ಒಂದು ಕುರ್ಚಿಗಾಗಿ ನಾಲ್ಕು ಜನರ ಮುಂದೆ ಕೂತು "ನಾನೇ ಬೇಕು ನಿಮಗೆ" ಎಂದು ಹೇಳಬೇಕಾಗಿ ಬಂತು. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ನಾನು ಈ ದೇಶಕ್ಕೆ ಬಂದಂದಿನಿಂದ ತಾತ್ಕಾಲಿಕ ಕೆಲಸದಲ್ಲೇ ಇದ್ದವನು. ಒಂದು ಊರಲ್ಲಿ ಹಾಲಿನವನ ಪರಿಚಯವಾಗುವಷ್ಟರಲ್ಲಿ ಇನ್ನೊಂದು ಊರಿಗೆ ಕರೆ ಬರುತ್ತಿತ್ತು. ಈ ಸಲ ಡ್ರೋಹೆಡಾದಲ್ಲೇ ಕಾಯಂ ಹುದ್ದೆ ಖಾಲಿಯಾಗಿತ್ತು. ಸಿಕ್ಕರೆ ಇಲ್ಲೇ ಬೇರು ಬಿಡಬಹುದು. ಸಿಗದಿದ್ದರೆ ಮತ್ತೆ ಗಂಟುಮೂಟೆ, ಮತ್ತೆ ಹೊಸ ಬಾಡಿಗೆ ಮನೆ, ಮಗಳು ನಿಧಿಗೆ ಮತ್ತೆ ಹೊಸ ಶಾಲೆ.

ನಿಧಿಗೆ ಈಗ ಹದಿನೈದು. ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಮಾತುಗಳನ್ನು ಇಲ್ಲಿ ನಾನೇ ಕನ್ನಡಕ್ಕೆ ತಿರುಗಿಸಿದ್ದೇನೆ, ಅದಕ್ಕೆ ಬೇಕಾದ ಐರಿಶ್ ರಾಗವನ್ನು ಓದುಗರು ದಯವಿಟ್ಟು ತಾವೇ ಸೇರಿಸಿಕೊಳ್ಳಬೇಕು. ಈ ಹುಡುಗಿಗೆ ಹಿಂದಿನ ಯಾವುದೋ ಊರಿನ ಗೆಳತಿಯ ಮನೆಯಲ್ಲಿ ಅಮೆರಿಕನ್ ಫುಟ್ಬಾಲಿನ ಹುಚ್ಚು ಅಂಟಿತ್ತು. ಅಮೆರಿಕದ ಒಂದು ಕೊರೆಯುವ ಚಳಿಯ ಊರಿನ ವೃತ್ತಿಪರ ತಂಡ ಅವಳದು. ನಾವು ಊರು ಬಿಟ್ಟೆವು, ಗೆಳತಿ ತಪ್ಪಿದಳು, ತಂಡ ಮಾತ್ರ ಜೊತೆಗೇ ಬಂತು. ಭಾನುವಾರ ಸಂಜೆ ಆರಕ್ಕೆ ಆಟ ಶುರು. ವಾರದ ಉಳಿದ ದಿನಗಳಲ್ಲಿ ಅಪ್ಪನ ಜೊತೆ ಒಂದು ವಾಕ್ಯಕ್ಕಿಂತ ಹೆಚ್ಚು ಮಾತಾಡದ ಮಗಳು ಅವತ್ತು ಮಾತ್ರ ಸೋಫಾದ ಮೇಲೆ ಮೂರು ಗಂಟೆ ನನ್ನ ಪಕ್ಕ ಕೂರುತ್ತಾಳೆ. ಅದಕ್ಕಾಗಿ ನಾನು ಅಮೆರಿಕನ್ ಫುಟ್ಬಾಲೇನು, ಕುದುರೆ ಲಾಳ ಹೊಡೆಯುವ ಸ್ಪರ್ಧೆ ಇದ್ದರೂ ನೋಡುತ್ತಿದ್ದೆ.

ಮೊದಮೊದಲು ಏನೂ ತಿಳಿಯಲಿಲ್ಲ. ಫುಟ್ಬಾಲ್ ಎನ್ನುತ್ತಾರೆ, ಕಾಲು ಮುಟ್ಟಿಸುವುದು ಅಪರೂಪ. ಚೆಂಡು ಉರುಟೂ ಅಲ್ಲ. ಹತ್ತು ಸೆಕೆಂಡು ಗುದ್ದಾಡಿ ಅರ್ಧ ನಿಮಿಷ ಮೀಟಿಂಗ್ ಮಾಡುತ್ತಾರೆ. ಇದು ಆಟವೋ ಸರ್ಕಾರಿ ಕಚೇರಿಯೋ ಎಂದು ಕೇಳಿದಾಗ ನಿಧಿ ತಾಳ್ಮೆಯಿಂದ ಪಾಠ ಮಾಡಿದಳು. ಒಂದೇ ತಂಡದಲ್ಲಿ ಎರಡು ಪಂಗಡ. ಚೆಂಡು ನಮ್ಮದಾದಾಗ ಮುಂದೆ ನುಗ್ಗುವವರು ಆಫೆನ್ಸ್. ಚೆಂಡು ಎದುರಾಳಿಯದಾದಾಗ ತಡೆಯುವವರು ಡಿಫೆನ್ಸ್. ಅವರು ಆಡುವಾಗ ಇವರು ಬೆಂಚಿನ ಮೇಲೆ ನೀರು ಕುಡಿಯುತ್ತಾರೆ, ಇವರು ಆಡುವಾಗ ಅವರು. ನಾಲ್ಕು ಸಲ ಪ್ರಯತ್ನಿಸುವುದರೊಳಗೆ ಹತ್ತು ಗಜ ಮುಂದೆ ಹೋದರೆ ಚೆಂಡು ನಮ್ಮಲ್ಲೇ ಉಳಿಯುತ್ತದೆ, ಮತ್ತೆ ನಾಲ್ಕು ಪ್ರಯತ್ನ. ಇಲ್ಲವಾದರೆ ಎದುರಾಳಿಗೆ ಒಪ್ಪಿಸಬೇಕು. ನನಗೆ ಕೂಡಲೇ ಹಿಡಿಸಿದ್ದು ಡಿಫೆನ್ಸ್. ಅಂಕ ಗಳಿಸುವುದಿಲ್ಲ, ಹೆಸರು ಬರುವುದಿಲ್ಲ, ಏನೂ ಆಗದಂತೆ ನೋಡಿಕೊಳ್ಳುತ್ತಾರೆ. ನಮ್ಮ ಜಾತಿಯವರೇ ಎನ್ನಿಸಿತು.

ಆ ವರ್ಷ ನಿಧಿಯ ತಂಡದ ಮಾಲೀಕರು ಇದ್ದಬದ್ದದ್ದನ್ನೆಲ್ಲ ಆಫೆನ್ಸಿಗೆ ಸುರಿದಿದ್ದರು. ಮಿಂಚಿನಂತೆ ಓಡುವವರು, ಮೈಲಿ ದೂರ ಎಸೆಯುವವನು. ಡಿಫೆನ್ಸ್ ಮಾತ್ರ ತೂತು ಬಿದ್ದ ಜರಡಿ. ಇವರು ಮೂವತ್ತು ಅಂಕ ಗಳಿಸಿದರೆ ಎದುರಾಳಿಗೆ ನಲವತ್ತು ಬಿಟ್ಟುಕೊಡುತ್ತಿದ್ದರು. ಕೊನೆಗೆ ಕೋಚ್ ಬದಲಾದ. ಹೊಸಬ ನನ್ನಂಥವನು. ಒಂದು ಭಾನುವಾರ ತಂಡ ಚೆನ್ನಾಗಿ ಮುಂದಿತ್ತು. ಕಾಲು ಭಾಗ ಆಟ ಉಳಿದಿರುವಾಗ ಈ ಪುಣ್ಯಾತ್ಮ ಇನ್ನು ಅಪಾಯ ಬೇಡ ಎಂದು ನಿರ್ಧರಿಸಿ, ಎಲ್ಲವನ್ನೂ ಡಿಫೆನ್ಸಿನ ಮೇಲೆ ಬಿಟ್ಟ. ಆಫೆನ್ಸಿನವರು ಕಾಟಾಚಾರಕ್ಕೆ ಒಂದೆರಡು ಹೆಜ್ಜೆ ಹಾಕಿ ಚೆಂಡು ಒಪ್ಪಿಸಿ ಬರುತ್ತಿದ್ದರು. ಎದುರಾಳಿ ಅಂತರವನ್ನು ಇಷ್ಟಿಷ್ಟೇ ತಿನ್ನುತ್ತಾ ಬಂದು ಕೊನೆಯ ಗಳಿಗೆಯಲ್ಲಿ ಗೆದ್ದುಬಿಟ್ಟಿತು.

"ಕೋಚ್ ಮಾಡಿದ್ದು ಸರಿಯಾಗೇ ಇದೆ. ಗಳಿಸಿದ್ದನ್ನ ಉಳಿಸ್ಕೋಬೇಡ್ವಾ?" ಎಂದೆ.

ನಿಧಿ ಟಿವಿ ಆರಿಸಿ ನನ್ನ ಕಡೆ ತಿರುಗಿದಳು. "ಅಪ್ಪಾ, ಡಿಫೆನ್ಸ್ ಯಾಕೆ ಸೋತಿತು ಗೊತ್ತಾ? ಸುಸ್ತಾಗಿ. ನಮ್ಮ ಆಫೆನ್ಸ್ ಚೆಂಡನ್ನ ಎರಡು ನಿಮಿಷವೂ ಇಟ್ಕೊಳ್ಲಿಲ್ಲ. ಪಾಪ, ಅವರು ನೀರು ಕುಡಿಯೋಷ್ಟರಲ್ಲಿ ಮತ್ತೆ ಮೈದಾನಕ್ಕೆ ಹೋಗಬೇಕು. ಡಿಫೆನ್ಸ್ ಉಳಿಬೇಕು ಅಂದ್ರೆ ಆಫೆನ್ಸ್ ಚೆಂಡು ಹಿಡ್ಕೊಂಡಿರಬೇಕು. ದೊಡ್ಡ ಓಟ ಬೇಡ, ಹತ್ತು ಗಜ, ಇನ್ನೊಂದು ಹತ್ತು ಗಜ. ಚೆಂಡು ನಮ್ಮ ಕೈಲಿರುವಷ್ಟು ಹೊತ್ತು ಯಾರೂ ನಮ್ಮನ್ನ ಹೊಡೆಯೋಕಾಗಲ್ಲ." ಆಮೇಲೆ ರಿಮೋಟನ್ನು ನನ್ನ ಕಡೆ ತಿರುಗಿಸಿ, "ನಿನ್ನ ಇಂಟರ್‌ವ್ಯೂಗೂ ಅಷ್ಟೇ" ಎಂದಳು.

ಅಲ್ಲಿಂದ ನನ್ನ ತರಬೇತಿ ಶುರುವಾಯಿತು. ಊಟದ ಮೇಜಿನ ಆಚೆ ನಿಧಿ ಪ್ರಶ್ನೆ ಕೇಳುವವಳು, ಈಚೆ ನಾನು. "ನಿಮ್ಮ ಸಾಧನೆ ಏನು?" ಎಂದರೆ ನಾನು "ನಮ್ಮ ಟೀಮಿನವರೆಲ್ಲ ಬಹಳ ಒಳ್ಳೆಯವರು" ಎನ್ನುತ್ತಿದ್ದೆ. "ಚೆಂಡು ಕೊಟ್ಟುಬಿಟ್ಟೆ" ಎಂದು ಅವಳು ಚಮಚದಿಂದ ತಟ್ಟೆ ಬಡಿಯುತ್ತಿದ್ದಳು. ನನ್ನ ಕಷ್ಟ ನೋಡಿ. ಸರ್ಜನ್ ಆದವನು ಇಂಥದ್ದನ್ನು ಕೊಯ್ದೆ, ಅಂಥದ್ದನ್ನು ಹೊಲಿದೆ ಎನ್ನಬಹುದು. ನಾನೇನೆನ್ನಲಿ? ಮಂಗಳವಾರ ಏನೂ ಆಗಲಿಲ್ಲ, ಬುಧವಾರವೂ ಏನೂ ಆಗಲಿಲ್ಲ ಎಂದೇ? ಅದೂ ಅಲ್ಲದೆ ನಮ್ಮ ತುಮಕೂರಿನ ಮನೆಯಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವುದು ಎಂದರೆ ಊಟದ ನಡುವೆ ತೇಗಿದಷ್ಟೇ ಅಸಹ್ಯವಾಗಿತ್ತು. "ಸುಮ್ನೆ ಏನಾಯ್ತೋ ಅದನ್ನೇ ಹೇಳು, ಮಾಡಿದ್ದು ನೀನು ಅಂತ ಹೇಳು, ಸಾಕು" ಎಂದು ನಿಧಿ ಬೇಡಿಕೊಂಡಳು. ವಸುಧಾ ಒಲೆಯ ಕಡೆಯಿಂದಲೇ "ಅವ್ರ ಬಾಯಿಂದ ಅದೊಂದು ಬಿಟ್ಟು ಎಲ್ಲಾ ಬರುತ್ತೆ ಬಿಡು" ಎಂದಳು.

ತರಬೇತಿ ಹೀಗೆ ಕುಂಟುತ್ತಾ ಸಾಗಿರುವಾಗ ಶಿವಪ್ರಸಾದನ ಫೋನ್ ಬಂತು. ನನ್ನ ಕಾಲೇಜಿನ ಸಹಪಾಠಿ, ಹಾಸ್ಟೆಲಿನ ರೂಮ್‌ಮೇಟ್, ಈಗ ದೇಶದ ದಕ್ಷಿಣ ತುದಿಯ ಕಾರ್ಕಿನಲ್ಲಿ ಅರಿವಳಿಕೆ ವೈದ್ಯ, ನನ್ನಂತೆಯೇ ತಾತ್ಕಾಲಿಕ. "ಲೇ ರಘು, ನಿಮ್ಮೂರ ಪೋಸ್ಟ್‌ಗೆ ನಾನೂ ಹಾಕಿದೀನಿ ಕಣೋ. ಇಂಟರ್‌ವ್ಯೂ ಡಬ್ಲಿನ್ನಲ್ಲಿ. ಕಾರ್ಕಿಂದ ಬೆಳಿಗ್ಗೆ ಹೊರಟ್ರೆ ತಡ ಆಗುತ್ತೆ, ಹೋಟೆಲ್ಲಲ್ಲಿ ಎಲ್ಲಾದ್ರೂ..." ಎಂದ.

ಮನೆಯಿರುವಾಗ ಸ್ನೇಹಿತ ಹೋಟೆಲಿನಲ್ಲಿ ಇಳಿದುಕೊಳ್ಳುವುದೇ? "ಹೋಟೆಲ್ ಯಾಕೋ, ಇಲ್ಲಿಂದ ಡಬ್ಲಿನ್ ಮುಕ್ಕಾಲು ಗಂಟೆ, ಹಿಂದಿನ ದಿನಾನೇ ಮನೆಗೆ ಬಾ. ಬೆಳಿಗ್ಗೆ ಒಂದೇ ಕಾರಲ್ಲಿ ಹೋಗೋಣ" ಎಂದುಬಿಟ್ಟೆ. ಹೇಳಿ ಮುಗಿಸಿದ ಮೇಲೆ ನೋಡಿದರೆ ನಿಧಿ ಬಾಯಿ ತೆರೆದುಕೊಂಡು ನಿಂತಿದ್ದಳು. "ಅಪ್ಪಾ, ಎದುರಾಳಿ ತಂಡ ನಮ್ಮ ಮನೇಲಿ ಮಲಗುತ್ತಾ? ಎಲ್ಲಿ?" ಇರುವುದೇ ಎರಡು ಕೋಣೆಯ ಮನೆ. "ನಿನ್ನ ರೂಮಲ್ಲಿ" ಎಂದೆ ಮೆಲ್ಲಗೆ. ಅಷ್ಟಾದರೂ ವಸುಧಾ ನನ್ನ ಪರವಾಗಿಯೇ ನಿಂತಳು. "ಮನೆಗೆ ಬರೋರನ್ನ ಬೇಡ ಅನ್ನೋಕಾಗುತ್ತೇನೇ?" ಎಂದು ಮಗಳಿಗೆ ಹೇಳಿ, ಕಾಯಿ ಹೋಳಿಗೆಗೆ ಕಣಕ ಕಲಸಿದಳು. ಕಾಯಂ ಹುದ್ದೆಗೆ ನನ್ನ ವಿರುದ್ಧ ಸ್ಪರ್ಧಿಸಲು ಬಂದವನು ನಾಲ್ಕು ಹೋಳಿಗೆ ತಿಂದ. ಐದನೆಯದನ್ನು ಅವನು ಬೇಡ ಬೇಡವೆಂದರೂ ನಾನೇ ಬಡಿಸಿದೆ. ಇಷ್ಟು ಸಾಲದೆಂಬಂತೆ, ನಮ್ಮ ಆಸ್ಪತ್ರೆಯಲ್ಲಿ ಏನೇನು ಕೊರತೆ ಇದೆ, ಏನು ಹೇಳಿದರೆ ಸಮಿತಿಯವರಿಗೆ ಹಿಡಿಸಬಹುದು ಎಂಬುದನ್ನೂ ತುಪ್ಪದ ಜೊತೆಗೆ ಬಡಿಸಿದೆ. ನಿಧಿ ಚಮಚದಿಂದ ಮೆಲ್ಲಗೆ ತಟ್ಟೆ ಬಡಿದಳು.

ಸಂದರ್ಶನದಲ್ಲಿ ನನ್ನ ಸರದಿ ಮೊದಲು, ಶಿವಪ್ರಸಾದನದು ಆಮೇಲೆ. ಹೇಳಿದರೆ ನಂಬುತ್ತೀರೋ ಇಲ್ಲವೋ, ನಾನು ಚೆನ್ನಾಗಿ ಆಡಿದೆ. ನಿಮ್ಮ ಕೆಲಸದ ಒಂದು ಉದಾಹರಣೆ ಕೊಡಿ ಎಂದರು. ಆಪರೇಷನ್ ಟೇಬಲ್ಲಿನ ಮೇಲೆ ಹೆದರಿ ಎದ್ದು ಹೊರಟಿದ್ದ ಒಬ್ಬ ಮುದುಕಿಯ ಕಥೆ ಹೇಳಿದೆ. ಅವಳು ದನ ಸಾಕಿದವಳು. ಅವಳ ಹಸುಗಳ ಹೆಸರು ಒಂದೊಂದಾಗಿ ಕೇಳುತ್ತಾ ಕೂತೆ, ಹೇಳುತ್ತಾ ಹೇಳುತ್ತಾ ನಿದ್ದೆಗೆ ಜಾರಿದಳು. ಅವಳ ಹೃದಯ ದುರ್ಬಲವಾಗಿತ್ತು, ಹೆದರಿಕೆಯಲ್ಲೇ ಏನಾದರೂ ಆಗಬಹುದಿತ್ತು. "ಏನೂ ಆಗಲಿಲ್ಲ. ಆಗದಂತೆ ನೋಡಿಕೊಂಡವನು ನಾನು" ಎಂದೆ. ಬದುಕಿನಲ್ಲೇ ಮೊದಲ ಸಲ ಅಂಥ ವಾಕ್ಯ ನನ್ನ ಬಾಯಿಂದ ಹೊರಟಿತ್ತು. ಸಮಿತಿಯ ಅಧ್ಯಕ್ಷೆಯ ಮುಖ ಅರಳಿತು. ಹತ್ತು ಗಜ, ಮತ್ತೆ ಹತ್ತು ಗಜ. ಗೆಲುವಿನ ಗೆರೆ ಇನ್ನೇನು ಕಾಲಡಿಗೆ ಬಂದಿತ್ತು.

"ಕೊನೆಗೆ ಏನಾದರೂ ಹೇಳುವುದಿದೆಯೇ?" ಎಂದು ಅಧ್ಯಕ್ಷೆ ಕೇಳಿದರು. ಇಲ್ಲ ಎಂದು ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಹೊತ್ತು ನನ್ನ ಬಗ್ಗೆಯೇ ಮಾತಾಡಿದ ಪಾಪ ಎದೆಯಲ್ಲಿ ಭಾರವಾಗಿ ಕೂತಿತ್ತು. ಹೊರಗೆ ಶಿವಪ್ರಸಾದ ಕೈ ಉಜ್ಜಿಕೊಳ್ಳುತ್ತಾ ಕಾಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. "ನನ್ನ ನಂತರ ಬರುವವರು ಮೊದಲು ಸ್ವಲ್ಪ ತಡವರಿಸುತ್ತಾರೆ, ದಯವಿಟ್ಟು ಸಮಯ ಕೊಡಿ. ಬಹಳ ಒಳ್ಳೆಯ ಡಾಕ್ಟರ್. ಕಾಲೇಜಿನಲ್ಲಿ ನನಗೆ ಪಾಠ ಹೇಳಿಕೊಟ್ಟವನೇ ಅವನು" ಎಂದೆ. ನಾಲ್ಕೂ ಜನ ಒಟ್ಟಿಗೆ ಏನೋ ಬರೆದುಕೊಂಡರು.

ಇಲ್ಲಿನ ಪದ್ಧತಿಯಲ್ಲಿ ಅರ್ಹರಾದವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರೆ. ಮೊದಲನೆಯವರು ಬೇಡವೆಂದರೆ ಎರಡನೆಯವರಿಗೆ ಕೆಲಸ. ಫಲಿತಾಂಶ ಬಂತು. ಶಿವಪ್ರಸಾದ ಮೊದಲು, ನಾನು ಎರಡನೆಯವನು. ಕಾಯಂ ಹುದ್ದೆಯನ್ನು ಯಾರು ಬೇಡವೆನ್ನುತ್ತಾರೆ? ವಸುಧಾ ಅಟ್ಟದ ಮೇಲಿನ ಖಾಲಿ ಪೆಟ್ಟಿಗೆಗಳನ್ನು ಇಳಿಸಿಟ್ಟಳು. ನಿಧಿ "ಇಟ್ಸ್ ಗ್ರ್ಯಾಂಡ್, ಅಪ್ಪಾ" ಎಂದು, ಪರವಾಗಿಲ್ಲ ಎನ್ನುವುದಕ್ಕೆ ಇಲ್ಲಿನವರು ಹೇಳುವ ಮಾತನ್ನೇ ಹೇಳಿ ತನ್ನ ಕೋಣೆಗೆ ಹೋದಳು. ಆ ಭಾನುವಾರ ಆರು ಗಂಟೆಗೆ ನಾನೊಬ್ಬನೇ ಟಿವಿ ಮುಂದೆ ಕೂತಿದ್ದೆ. ಅವಳ ತಂಡ ಗೆದ್ದಿತು. ನನಗೆ ಬಿಕ್ಕಿ ಅಳುವಂತಾಯಿತು.

ಮಾರನೆಯ ದಿನ ಮಧ್ಯಾಹ್ನ ಶಿವಪ್ರಸಾದ ಫೋನ್ ಮಾಡಿದ. "ನಾನು ಡ್ರೋಹೆಡಾ ಬೇಡ ಅಂದೆ ಕಣೋ. ಕಾರ್ಕಲ್ಲೇ ಒಂದು ಪರ್ಮನೆಂಟ್ ಬರೋದೈತೆ, ನಾಲ್ಕು ತಿಂಗಳು ಕಾದ್ರಾಯ್ತು" ಎಂದ. ಹುಚ್ಚು ಹಿಡೀತೇನೋ ನಿನಗೆ, ಕೈಗೆ ಬಂದದ್ದನ್ನ ಬಿಟ್ಟು ಕಾಯ್ತೀಯಾ ಎಂದು ನಾನೇ ಅವನಿಗೆ ಬುದ್ಧಿ ಹೇಳತೊಡಗಿದೆ, ನೋಡಿ ನನ್ನ ಹಣೆಬರಹ.

"ಸುಮ್ನಿರೋ ಮಾರಾಯ" ಎಂದ. "ಅವತ್ತು ನಿನ್ನ ಮಗಳು ರೂಮು ತೋರಿಸೋಕೆ ಬಂದ್ಲಲ್ಲ. ಅವಳ ತಂಡದ ಪಟ ಗೋಡೆಗೆ ಒರಗಿಸಿ ನೆಲದ ಮೇಲೇ ಇಟ್ಟಿದ್ಲು. ಕಾಲು ತಾಗೀತು ಅಂಕಲ್, ನೋಡ್ಕೊಂಡು ಓಡಾಡಿ ಅಂದ್ಲು. ಗೋಡೆಗೆ ಯಾಕಮ್ಮಾ ಹಾಕಿಲ್ಲ ಅಂತ ಕೇಳ್ದೆ. ಯಾವ ಮನೆಯಲ್ಲೂ ಮೊಳೆ ಹೊಡೆದಿಲ್ಲ ಅಂಕಲ್, ಹೋಗುವಾಗ ಕೀಳಬೇಕಲ್ಲ ಅಂದ್ಲು. ಅಷ್ಟೇ ಕಣೋ ಹೇಳಿದ್ದು. ನಾಳೆ ಚೆನ್ನಾಗಿ ಮಾಡಿ ಅಂತ ಬೇರೆ ಹಾರೈಸಿ ಹೋದ್ಲು. ನನಗೆ ಮಕ್ಕಳು ಇನ್ನೂ ಸಣ್ಣವು, ಎಲ್ಲಿಟ್ರೂ ಬೆಳೀತವೆ. ಆ ಮಗು ಇನ್ನೆಷ್ಟು ಸಲ ಕಿತ್ಕೊಂಡು ಹೋಗಬೇಕೋ?"

ಫೋನಿಟ್ಟು ನಿಧಿಯ ಕೋಣೆಗೆ ಹೋದೆ. ಆ ಪಟವನ್ನು ನಾನೂ ದಿನಾ ನೋಡಿದ್ದೆ. ಈಗಿನ ಮಕ್ಕಳು ಹೀಗೇ ನೆಲದ ಮೇಲಿಡುತ್ತಾರೇನೋ, ಅದೊಂದು ಫ್ಯಾಷನ್ನೇನೋ ಎಂದುಕೊಂಡಿದ್ದೆ. ಸಂಜೆ ನಿಧಿಗೆ ಸುದ್ದಿ ಹೇಳಿದೆ. "ಹಾಗಾದ್ರೆ ಇಲ್ಲೇ ಇರ್ತೀವಾ?" ಎಂದವಳು ನನ್ನ ಭುಜಕ್ಕೆ ಮುಖವೊತ್ತಿ ಅತ್ತುಬಿಟ್ಟಳು. ಎದುರಾಳಿಗೆ ಹೇಳಿದ್ದನ್ನು ನನಗೊಂದು ದಿನವೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಿನಗೆ ನೋವಾಗ್ತಿತ್ತು, ಅಪ್ಪಾ" ಎಂದಳು.

ಈ ಮನೆಯ ಡಿಫೆನ್ಸ್ ನಾನೇ ಎಂದು ಇಷ್ಟು ವರ್ಷ ಬೀಗುತ್ತಿದ್ದೆನಲ್ಲ! ನಾನು ಬೆಂಚಿನ ಮೇಲೆ ನೀರು ಕುಡಿಯುತ್ತಿದ್ದೆ. ಒಂದೊಂದು ಊರು ಬಿಡುವಾಗಲೂ ನನಗೆ ನೋವಾಗದ ಹಾಗೆ ಮೈದಾನದಲ್ಲಿ ನಿಂತು ತಡೆಯುತ್ತಿದ್ದವಳು ಇವಳು. ಅರಿವಳಿಕೆ ಕೊಡುವುದು ನನ್ನ ವೃತ್ತಿ, ಕೊಡಿಸಿಕೊಂಡು ಮಲಗಿದ್ದವನೂ ನಾನೇ.

ಎದ್ದು ಸುತ್ತಿಗೆ ತಂದೆ. ಜೀವನದಲ್ಲಿ ಒಮ್ಮೆಯಾದರೂ ಯಾರನ್ನೂ ಕೇಳದೆ, ಯಾರಿಗೂ ಹೆದರದೆ ಒಂದು ಕೆಲಸ ಮಾಡಬೇಕೆಂದು ತೀರ್ಮಾನಿಸಿ, ನಿಧಿ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಬಾಡಿಗೆ ಮನೆಯ ಗೋಡೆಗೆ ಗಟ್ಟಿಯಾಗಿ ಮೊಳೆ ಹೊಡೆದೆ. ಪಟ ಮೇಲೇರಿತು. ನಿಧಿ ಚಪ್ಪಾಳೆ ತಟ್ಟಿದಳು, ವಸುಧಾ ಬಾಗಿಲಲ್ಲಿ ನಿಂತು ನಕ್ಕಳು. ನಾನು ಬಚ್ಚಲುಮನೆಗೆ ಹೋಗಿ, ಚಿಲಕ ಹಾಕಿಕೊಂಡು, ಮನೆಯ ಮಾಲೀಕರಿಗೆ ಮೆಸೇಜ್ ಕಳಿಸಿದೆ: ತಮ್ಮ ಅಭ್ಯಂತರವಿಲ್ಲದಿದ್ದರೆ ಒಂದು ಸಣ್ಣ ಮೊಳೆ ಹೊಡೆದುಕೊಳ್ಳಬಹುದೇ, ತೊಂದರೆಯಾಗುವುದಾದರೆ ಖಂಡಿತ ಬೇಡ, ಸಾರಿ.