ತಪ್ಪು ನಂದ ಐತ್ರಿ, ಪರಿಹಾರ ಕೊಡಸ್ರಿ

ಸಾಕ್ಷಿ ಹೇಳಲು ನಿಂತವನು ಏನು ಹೇಳುತ್ತಾನೆ ಅನ್ನುವುದು ಅವನ ವಕೀಲನಿಗೆ ಮೊದಲೇ ಗೊತ್ತಿರಬೇಕಂತೆ. ರೋಣದಲ್ಲಿ ಕೂತು ಕೂಲಿಕಾರರ ಪರಿಹಾರದ ಕೇಸು ನಡೆಸುವ ನನಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಕುರ್ಚಿ

ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳ ಕಾವಲುಗಾರನೊಬ್ಬ ಕುರ್ಚಿಯಿಂದ ಬಿದ್ದು ಕೈ ಮುರಿದುಕೊಂಡಿದ್ದ. ಡ್ಯೂಟಿಯಲ್ಲಿ ನಿದ್ದೆ ಮಾಡಿ ಬಿದ್ದಿದ್ದಾನೆ, ಅದಕ್ಕೆ ನಾವು ಹೊಣೆಯಲ್ಲ ಅಂತ ಕಂಪನಿಯ ವಾದ.

"ನಿದ್ದಿ ಹತ್ತಿತ್ತು, ಹೌದಲ್ಲೋ?" ಅಂತ ಕಂಪನಿ ವಕೀಲರು ಕೇಳಿದರು.

"ಇಲ್ರಿ ಸಾಹೇಬ್ರ. ನಿದ್ದಿ ಬಂದ್ರ ನಾ ಕುರ್ಚಿ ಮ್ಯಾಲ ಯಾಕ ಇರ್ತೇನ್ರಿ? ದಿನಾ ಒಳಗ ಚಾಪಿ ಹಾಸ್ಕೊಂಡು ಮಲಗತೇನ್ರಿ. ಅವತ್ತ ಮ್ಯಾಲಿನ ಸಾಹೇಬ್ರು ಬರ್ತಾರಂದ್ರು, ಎಚ್ಚರ ಇದ್ದೆ. ಅದಕ್ಕ ಬಿದ್ದೆ."

ಇಲಿ

ಕಾಳುಕಡಿ ಮಾರಿಸಿಕೊಡುವ ರೋಣದ ಅಡತಿ ಅಂಗಡಿಯ ಹಮಾಲನ ಪಾದಕ್ಕೆ ಅವನದೇ ಸಲಿಕೆಯ ಏಟು ಬಿದ್ದಿತ್ತು. ಅಸೂಟಿ ಊರಿನವನು, ಮೂಟೆ ಹೊತ್ತೇ ಮನೆ ನಡೆಸುವವನು. ಊರುಗೋಲು ಹಿಡಿದು ಬಂದಿದ್ದ. ರಾಜಿ ಆಗುವುದೇನೋ ನೋಡೋಣ ಅಂತ ಅಡತಿ ಮಾಲಕರನ್ನೂ ನನ್ನ ಆಫೀಸಿಗೆ ಕರೆಸಿದೆ.

"ಇಲಿ ಹೊಡಿ ಅಂದಿದ್ದೆ ವಕೀಲರ, ಕಾಲ ಹೊಡ್ಕೋ ಅಂದಿದ್ದಿಲ್ಲ" ಅಂದರು ಮಾಲಕರು.

ಹಮಾಲ ತಲೆ ತಗ್ಗಿಸಿ, "ಇಲಿ ನನ್ನ ಕಾಲ ಮ್ಯಾಲನ ಬಂದ ನಿಂತಿತ್ರಿ. ಮತ್ತೆಲ್ಲಿ ಹೊಡಿಲ್ರಿ?" ಅಂದ.

ಮಾಲಕರು ಶಾಂತವಾಗಿ ಕೇಳಿದರು: "ಇಲಿ ಸತ್ತಿತೇನು?"

"ಇಲ್ರಿ, ಓಡಿ ಹೋತು."

"ನೋಡ್ರಿ ವಕೀಲರ. ಕೆಲಸಾನೂ ಆಗಿಲ್ಲ."

ಜಾಲರಿ

ಇದು ನರಗುಂದದ ಖಾರ ಕುಟ್ಟುವ ಗಿರಣಿಯ ಸಂಗತಿ. ಚಿಕ್ಕನರಗುಂದದ ಒಬ್ಬ ಕೆಲಸಗಾರ ಯಂತ್ರದ ತಿರುಗುವ ಬೆಲ್ಟಿಗೆ ಕೈ ಕೊಟ್ಟು ಬಲಗೈಯ ಎರಡು ಬೆರಳು ಕಳೆದುಕೊಂಡಿದ್ದ. ಅವನ ಹೆಂಡತಿ ಕಂಕುಳಲ್ಲಿ ಕೂಸು ಇಟ್ಟುಕೊಂಡು ಕೋರ್ಟಿನ ಬಾಗಿಲಲ್ಲೇ ನಿಂತಿದ್ದಳು.

ಕೆಲಸಗಾರ ಅಜಾಗರೂಕತೆಯಿಂದ ಪೆಟ್ಟು ಮಾಡಿಕೊಂಡರೂ ಪರಿಹಾರ ಸಿಗುತ್ತದೆ. ಆದರೆ ಕುಡಿದಿದ್ದರೆ, ಬೇಕಂತಲೇ ಸುರಕ್ಷತೆಯ ನಿಯಮ ಮುರಿದಿದ್ದರೆ, ಇಲ್ಲಾ ರಕ್ಷಣೆಗೆ ಕೂಡಿಸಿದ್ದನ್ನು ತಾನೇ ಕಿತ್ತಿದ್ದರೆ ಇಂಥ ಗಾಯಕ್ಕೆ ಸಿಗುವುದು ಕಷ್ಟ. ಬೆಲ್ಟಿಗೆ ಕೈ ತಾಗದಂತೆ ಮುಚ್ಚುವ ಜಾಲರಿ ಅವತ್ತು ಇರಲಿಲ್ಲ ಅಂತಷ್ಟೇ ಇವನು ನನಗೆ ಹೇಳಿದ್ದ.

ಮಾಲಕರ ವಕೀಲರು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು: "ಜಾಲರಿ ತಗದಾವ್ರು ಯಾರು?"

"ನಾನ ತಗದೇನ್ರಿ."

ಎದುರು ವಕೀಲರು ಗೆದ್ದ ಮುಖದಲ್ಲಿ ಕುಳಿತೇಬಿಟ್ಟರು. ಆದರೆ ನ್ಯಾಯಾಧೀಶರು ಬಿಡಲಿಲ್ಲ.

"ಯಾಕೆ ತೆಗೆದೆಪ್ಪಾ?"

"ಮಾಲಕರು ಹೇಳಿದ್ರು. ಅವರ ಹೆಂಡ್ತಿ, ನಮ್ಮ ಅಕ್ಕಾರು, ಮನಿ ಮಾಳಗಿ ಮ್ಯಾಲ ಶಂಡಿಗಿ ಒಣಾಕ ಹಾಕಿದ್ರು. ಕಾಗಿ ಬಾಯಿ ಹಾಕ್ತಾವು, ಮುಚ್ಚಾಕ ಜಾಲರಿ ಬೇಕಂದ್ರು. ಬಿಚ್ಚಿ ಒಯ್ದ ಕೊಟ್ಟೇನ್ರಿ."

ಎದುರು ವಕೀಲರು ಮತ್ತೆ ಎದ್ದರು. "ಜಾಲರಿ ತೆಗೆಯಬಾರದು ಅಂತ ಗ್ವಾಡಿ ಮ್ಯಾಲ ಬೋರ್ಡ್ ಇತ್ತಲ್ಲ?"

"ಇತ್ರಿ. ಬೋರ್ಡ್ ಹಾಕೀರಲ್ರಿ ಅಂತ ಮಾಲಕರಿಗೂ ಕೇಳ್ದೆ. 'ಬೋರ್ಡ್ ಇರೂದು ನಿನಗ, ನಮ್ಮನಿಯಾಕೀಗಲ್ಲ' ಅಂದ್ರು."

ನ್ಯಾಯಾಧೀಶರು ಕನ್ನಡಕ ತೆಗೆದು ಗಿರಣಿ ಮಾಲಕರನ್ನು ನೋಡಿದರು. ಅವರು ನೆಲ ನೋಡುತ್ತಾ ನಿಂತರು.

ಕೆಲಸಗಾರ ಗೆದ್ದ. ಆದೇಶ ಕೇಳಿ ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹೊರಗೆ ಬಂದಾಗ ಗಿರಣಿ ಮಾಲಕರು ಬೇವಿನ ಗಿಡದ ಕೆಳಗೆ ಒಬ್ಬರೇ ನಿಂತಿದ್ದರು. ಜಗಳಕ್ಕೆ ಬಂದರೋ ಏನೋ ಅಂತ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಆದದ್ದಾತು ಬಿಡ್ರಿ ವಕೀಲರ. ಜಾಲರಿ ಇನ್ನೂ ಮಾಳಗಿ ಮ್ಯಾಲನ ಐತಿ. ವಾಪಸ್ ಕೇಳಾಕ ನನಗ ಧೈರ್ಯ ಸಾಲವಲ್ದು. ನಿಮ್ಮ ಕಡಿಂದ ನಮ್ಮನಿಯಾಕೀಗ ಒಂದ ನೋಟೀಸ್ ಕಳಸ್ತೀರೇನ್ರಿ?"